ಯಂತ್ರ ತಲುಪಿದೆ, ಪೈಪು ಬಂದಿಲ್ಲ

ಅಂಗಡಿ ಯಜಮಾನರಿಗೆ,

ಒಗೆಯುವ ಹೊಸ ಯಂತ್ರ ನಮ್ಮ ಲಾಂಡ್ರಿಗೆ ತಲುಪಿದೆ. ಮೊದಲು ಕೊಟ್ಟ ಕೆಟ್ಟ ಯಂತ್ರವನ್ನು ಬದಲಿಸಿಕೊಡಿ ಎಂಬ ಗ್ರಾಹಕ ನ್ಯಾಯಾಲಯದ ಆದೇಶವನ್ನು ನೀವು ಕಿವಿಗೇ ಹಾಕಿಕೊಳ್ಳಲಿಲ್ಲ. ನಾನು ಮತ್ತೆ ದೂರು ಕೊಟ್ಟೆ. ಆದೇಶ ಮೀರಿದರೆ ಜೈಲು ಎಂದು ನ್ಯಾಯಾಧೀಶರು ಗದರಿದ ಮೇಲೆ ನೀವೇ ಅಳಿಯನ ಜೊತೆ ಯಂತ್ರ ಹೊತ್ತು ನಮ್ಮ ಮೆಟ್ಟಿಲು ಹತ್ತಿದಿರಿ.

"ಅಮ್ಮಾ, ಸೋಮವಾರ ಕೋರ್ಟಲ್ಲಿ ಯಂತ್ರ ಬಂತು ಅಂತ ಒಂದ್ಮಾತು ಹೇಳ್ಬಿಡಿ" ಎಂದಿರಿ, ಏದುಸಿರು ಬಿಡುತ್ತಾ.

"ಪಾಪ, ನೀರು ಕೊಡೇ" ಎಂದರು ನಮ್ಮೆಜಮಾನ್ರು.

ನಿಮಗೇನೋ ನೀರು ಕೊಟ್ಟೆ, ಯಂತ್ರಕ್ಕೆ ಕೊಡಲು ಪೈಪೇ ಇಲ್ಲ. ಭಾನುವಾರದೊಳಗೆ ಕಳಿಸಿ, ಸೋಮವಾರ ಬಾಯಿತುಂಬ ಹೇಳುತ್ತೇನೆ.

ನಾದಿನಿಗೊಂದು ಫ್ರಿಜ್ ಬೇಕಂತೆ. ನಿಮ್ಮಲ್ಲೇ ಕೊಳ್ಳಲು ಹೇಳಿದ್ದೇನೆ. ಕೋರ್ಟಿನ ಬಿಸಿ ತಾಗಿದ ಅಂಗಡಿಗಿಂತ ನಂಬಿಕಸ್ತ ಅಂಗಡಿ ಇನ್ನೆಲ್ಲಿ ಸಿಗುತ್ತದೆ?

ಇಂತಿ,
ಬಕೆಟ್ಟಿನಲ್ಲಿ ನೀರು ಹೊಯ್ಯುತ್ತಿರುವ
ಲಾಂಡ್ರಿಯಮ್ಮ