ಊಟದ ಡಬ್ಬಿಯಷ್ಟಿರುವ ಯಂತ್ರಕ್ಕೆ ಅಂಗಡಿಯ ದರ

ನೆರೆದಿರುವ ಕಂಬಗಳೇ, ಹರಿದಿರುವ ತಂತಿಗಳೇ, ಮನೆಮನೆಯ ಗೋಡೆಗಂಟಿ ಕಣ್ಣು ಮಿಟುಕಿಸುವ ಮೀಟರುಗಳೇ, ಮತ್ತು ಇವರೆಲ್ಲರ ಪರವಾಗಿ ಸಹಿ ಹಾಕುವ ವಿದ್ಯುತ್ ಕಚೇರಿಯ ಮಾನ್ಯ ಸಹಾಯಕ ಎಂಜಿನಿಯರರೇ,

ನನ್ನ ಮನೆಯನ್ನು ತಾವು ಅಂಗಡಿ ಎಂದು ಘೋಷಿಸಿದ್ದೀರಿ. ಇಲ್ಲಿ ಹಣ ಪಾವತಿಯ ವ್ಯಾಪಾರ ನಡೆಯುತ್ತಿದೆ ಎಂದು ಮೀಟರ್ ಓದುವವರು ಬರೆದುಕೊಂಡು ಹೋದರು. ಅಂದಿನಿಂದ ನಮ್ಮ ಫ್ರಿಜ್ಜು, ಫ್ಯಾನು, ಇಸ್ತ್ರಿಪೆಟ್ಟಿಗೆ ಎಲ್ಲವೂ ವಾಣಿಜ್ಯ ದರದಲ್ಲಿ ದುಡಿಯುತ್ತಿವೆ. ವರದಿ ಸುಳ್ಳೆಂದು ನಾನು ದೂರು ಕೊಟ್ಟೆ. ತಾವು ದರವನ್ನು ಮುಟ್ಟಲಿಲ್ಲ. ವರದಿ ಬರೆದವರನ್ನು ಕೆಲಸದಿಂದ ದೂರವಿಟ್ಟು ಸೋಮವಾರ ವಿಚಾರಣೆ ಇಟ್ಟಿದ್ದೀರಿ. ನನ್ನ ಮನೆಯಲ್ಲಿ ವ್ಯಾಪಾರವಿಲ್ಲವೆಂದು ಸಾಬೀತಾದರೆ ಅವರ ಗುತ್ತಿಗೆ ರದ್ದು, ನನಗೆ ಮನೆಯ ದರ. ಆದ್ದರಿಂದ ಸಾಬೀತು ಮಾಡಲು ಕೂತಿದ್ದೇನೆ. ಮಾಡುವುದಕ್ಕೆ ಬೇರೆ ಕೆಲಸವೂ ಇಲ್ಲ.

ಆರೋಪಿ ಯಂತ್ರ ಊಟದ ಡಬ್ಬಿಯಷ್ಟಿದೆ. ಒಳಬಾಗಿಲ ಪಕ್ಕ, ತಮ್ಮ ಮೀಟರಿನ ಕೆಳಗೆ, ಸ್ಟೂಲಿನ ಮೇಲೆ ಕೂತಿದೆ. ಇದನ್ನು ನೋಡ್ ಎನ್ನುತ್ತಾರೆ. ಕ್ರಿಪ್ಟೋ ಎಂಬ ಇಂಟರ್ನೆಟ್ಟಿನ ಹಣವನ್ನು ಒಬ್ಬರು ಇನ್ನೊಬ್ಬರಿಗೆ ಕಳಿಸುವಾಗ ಅವರಿಬ್ಬರ ನಡುವೆ ನೇರ ದಾರಿ ಇರುವುದಿಲ್ಲ. ಹಣ ಇಂಥ ಡಬ್ಬಿಯಿಂದ ಡಬ್ಬಿಗೆ ದಾಟಿ ಹೋಗುತ್ತದೆ. ದಾಟಿಸಬೇಕಾದರೆ ಡಬ್ಬಿಯವನು ಮೊದಲು ಸ್ವಂತ ಹಣವನ್ನು ಅದರಲ್ಲಿ ಕಟ್ಟಿಹಾಕಬೇಕು. ನಾನು ಕಟ್ಟಿಹಾಕಿದ್ದು, ನಾನು ಜಾಹೀರಾತಿಗೆ ಪ್ರಾಸ ಹೊಸೆಯುವ ಕೆಲಸಕ್ಕಿದ್ದ ಮುದ್ರಣಾಲಯ ಮುಚ್ಚಿದಾಗ ಕೈಗೆ ಬಂದ ದುಡ್ಡು. ಪ್ರತಿ ದಾಟುವಿಕೆಗೂ ಒಂದು ಚೂರು ಶುಲ್ಕ ಸಿಗುತ್ತದೆ. ಚೂರು ಎಂದರೆ, ರೊಟ್ಟಿ ತಿಂದವನು ಕೈ ಕೊಡವಿದಾಗ ಬೀಳುವುದು.

ಇನ್ನು ಖರ್ಚು. ಹಣವೆಲ್ಲ ದಾರಿಯ ಒಂದೇ ತುದಿಗೆ ಸರಿದು ಕೂತರೆ ದಾರಿ ಬಂದ್. ಅದನ್ನು ಮತ್ತೆ ಈಚೆ ತುದಿಗೆ ಎಳೆದುಕೊಳ್ಳಲು ನಾನೇ ಬೇರೆ ಡಬ್ಬಿಯವರಿಗೆ ಶುಲ್ಕ ತೆರಬೇಕು. ಇಂಟರ್ನೆಟ್ಟಿಗೆ ಬೇರೆ, ಕರೆಂಟಿಗೆ ಬೇರೆ. ಅದೇ ದುಡ್ಡನ್ನು ಬ್ಯಾಂಕಿನಲ್ಲಿ ಮಲಗಿಸಿದ್ದರೆ ಇದಕ್ಕಿಂತ ಹೆಚ್ಚು ಬರುತ್ತಿತ್ತು. ನನ್ನ ಆದಾಯ ನೋಡಲು ಭೂತಗನ್ನಡಿ ಬೇಕು, ತಮ್ಮ ಬಿಲ್ಲು ನೋಡಲು ನಿಲುವುಗನ್ನಡಿ.

ಆ ಬಿಲ್ಲು ಕಟ್ಟುವವಳು ನನ್ನ ಹೆಂಡತಿ. ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಂತು ಬರುತ್ತಾಳೆ.

"ಏನ್ರೀ, ಈ ಡಬ್ಬಿ ತಿಂಗಳಿಗೆ ಎಷ್ಟು ಕೊಡುತ್ತೆ?" ಎಂದಳು.

"ಒಂದು ಚಹಾದಷ್ಟು."

"ಹಾಗಾದ್ರೆ ಇನ್ನೊಂದು ಡಬ್ಬಿ ಇಡಿ, ನಾನೂ ಕುಡೀತೀನಿ."

ನಾನು ಏನೋ ಪ್ರಾಸ ಸೇರಿಸಿ ಉತ್ತರ ಕೊಡಲು ಹೋದೆ. "ಪ್ರಾಸ ಸಾಕು, ಪೈಸೆ ಬೇಕು" ಎಂದಳು. ನನ್ನದಕ್ಕಿಂತ ಚೆನ್ನಾಗಿತ್ತು.

ಹಾಗಾದರೆ ಏಕಯ್ಯಾ ಇಟ್ಟುಕೊಂಡಿದ್ದೀ ಎಂದು ತಾವು ಕೇಳಬಹುದು. ಇದನ್ನು ನಡೆಸುವವರಲ್ಲಿ ಲಾಭಕ್ಕೆ ಬಂದವರಿದ್ದಾರೆ. ಅವರ ಬಳಿ ದೊಡ್ಡ ಬಂಡವಾಳವಿದೆ, ದಾರಿಗಳು ಅಗಲವಾಗಿವೆ. ತತ್ತ್ವಕ್ಕೆ ಬಂದವರೂ ಇದ್ದಾರೆ. ಬ್ಯಾಂಕಿನ ಅಪ್ಪಣೆಯಿಲ್ಲದೆ ಹಣ ಓಡಾಡಬೇಕು ಎನ್ನುವವರು. ನಾನು ಮೊದಲು ಲಾಭದವರ ಜೊತೆಗಿದ್ದೆ, ನಷ್ಟ ಶುರುವಾದ ಮೇಲೆ ತತ್ತ್ವದವರ ಜೊತೆ ಸೇರಿದೆ, ಈಗ ಎರಡೂ ಕಡೆ ಇಲ್ಲ. ಯಾರದೋ ಹಣ ದಾಟಿದಾಗ ಹಸಿರು ದೀಪವೊಂದು ಮಿನುಗಿ ಆರುತ್ತದೆ. ಯಾರು ಕಳಿಸಿದರು, ಯಾರಿಗೆ ಹೋಯಿತು, ನನಗೆ ತಿಳಿಯುವುದಿಲ್ಲ. ಸಂತೋಷವೂ ಆಗುವುದಿಲ್ಲ. ದೀಪ ಆರಿದ ಮೇಲೆ ಇನ್ನೊಮ್ಮೆ ಹತ್ತುವವರೆಗೆ ಕುರ್ಚಿಯಲ್ಲಿ ಕೂತಿರುತ್ತೇನೆ, ಅಷ್ಟೆ. ಇದಕ್ಕೆ ತಮ್ಮ ದರಪಟ್ಟಿಯಲ್ಲಿ ಯಾವ ಕಾಲಂ ಇದೆ? ಗಿರಾಕಿಯಿಲ್ಲ, ಗಲ್ಲಾಪೆಟ್ಟಿಗೆಯಿಲ್ಲ, ಬಾಗಿಲಿಗೆ ಬೋರ್ಡಿಲ್ಲ. ಬುದ್ಧಿ ನೆಟ್ಟಗಿರುವ ಯಾವ ಮನುಷ್ಯ ಇದನ್ನು ವ್ಯಾಪಾರ ಎಂದಾನು?

ನಾನೇ ಎಂದೆ, ಸ್ವಾಮೀ.

ಅಂದು ಮೀಟರ್ ಓದಲು ಅವರು ಬಂದಾಗ ನನ್ನ ಹೆಂಡತಿಯ ಅಣ್ಣ ನಮ್ಮ ಸೋಫಾದಲ್ಲಿ ಕೂತಿದ್ದರು. "ಏನಪ್ಪಾ, ಈಗಲೂ ಮನೇಲೇನಾ?" ಎಂದು ಆಗಷ್ಟೇ ಕೇಳಿದ್ದರು. ಮೀಟರಿನವರು ಬಗ್ಗಿ ಡಬ್ಬಿ ನೋಡಿ, "ಇದೇನ್ ಸಾರ್?" ಎಂದರು.

"ವ್ಯಾಪಾರ," ಎಂದೆ, ಸೋಫಾಕ್ಕೆ ಕೇಳುವ ಹಾಗೆ. "ಪಾವತಿ ವ್ಯಾಪಾರ. ದೇಶವಿದೇಶದ ಹಣ ಎಲ್ಲಾ ಇಲ್ಲಿಂದಲೇ ಹೋಗೋದು."

ಅವರು ಪೆನ್ನು ಎತ್ತಿಕೊಂಡು ನನ್ನ ಮುಖ ನೋಡಿದರು. "ಸಾರ್, ಹಾಗಂತ ಬರೆದ್ರೆ ರೇಟು ಬದಲಾಗುತ್ತೆ. ಬೇಡ ಅಂದ್ರೆ ನಾನೇನೂ ನೋಡಿಲ್ಲ. ಬರೀಲಾ?"

"ಬರೀರಿ ಬರೀರಿ. ಮುಚ್ಚಿಡೋದೇನಿದೆ?"

ಭಾವ ತಲೆಯಾಡಿಸಿ, "ಪರವಾಗಿಲ್ವೇ!" ಎಂದರು. ಆ ಒಂದು ಮಾತಿಗಾಗಿ ಹೇಳಿದ್ದು. ಬಿಲ್ಲು ಬಂದಾಗ ಹೆಂಡತಿ "ಯಾರ್ರೀ ಹೀಗೆ ಬರೆದದ್ದು?" ಎಂದಳು, ಅವರೇ ಊಹಿಸಿ ಬರೆದಿರಬೇಕು ಎಂದುಬಿಟ್ಟೆ. ಅದೇ ಮಾತನ್ನು ತಮ್ಮ ಕಚೇರಿಗೂ ಬರೆದುಕೊಟ್ಟೆ.

ಅವರು ಬರೆದದ್ದು ನಾನು ಹೇಳಿದ್ದನ್ನೇ. ಸೋಮವಾರದ ವಿಚಾರಣೆ ಕೈಬಿಟ್ಟು ಅವರನ್ನು ಕೆಲಸಕ್ಕೆ ಕರೆಯಿರಿ. ನನ್ನ ದೂರನ್ನು ವಜಾ ಮಾಡಿ, ದರ ಇದ್ದ ಹಾಗೇ ಇರಲಿ. ಈ ಪತ್ರವನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ಭಾವ ದಿನಾ ಈ ಪತ್ರಿಕೆಯನ್ನೇ ಓದುವುದು, ಹೆಂಡತಿಯೂ ಇದನ್ನೇ. ಓದಲಿ.

ಇಂತಿ,
ತಮ್ಮ ವಾಣಿಜ್ಯ ಗ್ರಾಹಕ