ತಾಮ್ರದ ತಗಡಿನಲ್ಲಿ ಉಳಿದ ದಾರಿ

ಕಮಲಾಪುರ
ಮಾಘ ಶುದ್ಧ ಪಂಚಮಿ, ಫಸಲಿ 1322

ಪ್ರೀತಿಯ ನೀಲಕಂಠಾ,

ನಿನ್ನ ಅಜ್ಜ ಅಣವೀರಪ್ಪ ಮನಸಾರೆ ಹರಸಿ ಬರೆಯುವುದು. ಮೈಯಲ್ಲಿ ಆರಾಮವಿದ್ದೀಯಾ? ಸೊಲ್ಲಾಪುರದ ಗಿರಣಿಯಲ್ಲಿ ಹತ್ತಿಯ ಧೂಳು ಬಹಳವಂತೆ, ನಿನ್ನ ಕೆಮ್ಮು ಹೇಗಿದೆ? ಹೊತ್ತಿಗೆ ಸರಿಯಾಗಿ ರೊಟ್ಟಿ ಸಿಗುತ್ತದೆಯೇ? ನಿನ್ನ ಅವ್ವ ಶೇಂಗಾ ಹಿಂಡಿ ಕುಟ್ಟಿ ಇಟ್ಟಿದ್ದಾಳೆ, ಆ ಕಡೆ ಹೋಗುವವರು ಸಿಕ್ಕರೆ ಕಳಿಸುತ್ತಾಳೆ. ಈ ಕಾಗದಕ್ಕೆ ಮೂರು ಸಲ ಕೂತು ಮೂರು ಸಲ ಎದ್ದೆ. ಅಂಗಳಕ್ಕೆ ಹೋಗುತ್ತೇನೆ, ಮತ್ತೆ ಬಂದು ಕೂಡುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನೀನು ಹೋಗಿ ಐದು ತಿಂಗಳಾಯಿತು. ಬಾವಿಯ ದಾರಿಯನ್ನು ಚಂದ್ರಶಾ ಸಾವಕಾರ ತನ್ನ ಬಾಳೆ ತೋಟಕ್ಕೆ ಸೇರಿಸಿಕೊಂಡು ಮುಳ್ಳು ಬಡಿದದ್ದು, ಚಾವಡಿಯ ನಕ್ಷೆಯಲ್ಲಿ ಆ ದಾರಿಯ ಗೆರೆಯನ್ನು ಯಾರೋ ಚಾಕುವಿನಿಂದ ಕೆರೆದಿದ್ದಾರೆಂದು ನೀನು ಎಲ್ಲರೆದುರು ತೋರಿಸಿದ್ದು, ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ಸಾವಕಾರ ಅಂದ ಮಾತೂ ಹಾಗೆಯೇ ಇದೆ: "ಚಾವಡಿ ಕಾರಕೂನ ಇವ, ಕೀಲಿ ಇವನ ಕಡೆ. ಇಲ್ಲದ ದಾರಿ ಇತ್ತು ಅನ್ನಾಕ ಇವನೇ ಕೆರದಾನ." ನಿನ್ನ ನೌಕರಿ ಹೋಯಿತು, ಜೈಲಿನ ಮಾತು ಬಂತು, ನೀನು ಕಲಬುರ್ಗಿಗೆ ಹೋಗಿ ರೈಲು ಹತ್ತಿದೆ. ಅಂದು ನಾನು ಚಾವಡಿಯ ಕಟ್ಟೆಯ ಮೇಲೆಯೇ ಕೂತಿದ್ದೆ. ತುಟಿ ಬಿಚ್ಚಲಿಲ್ಲ.

ಆಮೇಲೆ, ಆ ದಾರಿಯಿಂದಲೇ ಬಾವಿಗೆ ಹೋಗುತ್ತಿದ್ದ ಮರೆಪ್ಪನ ಓಣಿಯ ಹೆಂಗಸರು ಹಳ್ಳದಿಂದ ನೀರು ಹೊರತೊಡಗಿದರು. ಹೋದ ತಿಂಗಳು ಅವನ ಸೊಸೆ ಬಂಡಮ್ಮ ದಂಡೆಯ ಮೇಲೆ ಕೊಡದೊಂದಿಗೆ ಜಾರಿ ಕಾಲು ಮುರಿದುಕೊಂಡಳು. ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ನಮ್ಮ ಬಾಗಿಲ ಮುಂದೆ ಹಾಯುವಾಗ ಮರೆಪ್ಪ ಎತ್ತು ನಿಲ್ಲಿಸಿ, "ಯಪ್ಪಾ, ಆ ದಾರಿ ಅಳೆಯುವಾಗ ಸರಪಳಿ ಹಿಡದವರು ನೀವಲ್ಲೇನ್ರಿ?" ಎಂದ. ಉತ್ತರಕ್ಕೆ ಕಾಯದೆ ಗಾಡಿ ಹೊಡೆದ. ಮರುದಿನವೇ ನಾನು ಕಲಬುರ್ಗಿಗೆ ಹೊರಟೆ.

ನಕ್ಷೆ ಮಾಡಿದ ಇಮಾಮುದ್ದೀನ್ ಇನ್ನೂ ಅಲ್ಲಿಯ ಮೋಮಿನಪುರದಲ್ಲೇ ಇದ್ದಾನೆ. ನಲವತ್ತೈದು ವರ್ಷದ ಹಿಂದೆ ಅವನು ನಮ್ಮ ಹೊಲಗಳನ್ನೆಲ್ಲ ನಡೆದು ಅಳೆದ, ಅಳೆದದ್ದನ್ನು ತಾಮ್ರದ ತಗಡಿನ ಮೇಲೆ ತಾನೇ ಉಳಿಯಿಂದ ಕೊರೆದು ಕಾಗದಕ್ಕೆ ಇಳಿಸಿದ. ಆಗ ನಾನು ಹರೆಯದವ, ಅವನ ಸರಪಳಿ ಹಿಡಿಯುವವ. ಬಾವಿಯ ದಾರಿಯೊಂದನ್ನೇ ಉರಿಬಿಸಿಲಲ್ಲಿ ಮೂರು ಸಲ ಅಳೆಸಿದ. ನಾನು ಗೊಣಗಿದರೆ, "ನೀರು ಹೊರೋರು ನಡಿಯೋ ದಾರಿ ಇದು, ಗೆರಿ ತಪ್ಪಬಾರದು" ಎಂದಿದ್ದ. ಈಗ ಅವನಿಗೆ ಕಣ್ಣಿಲ್ಲ. ದನಿಯಿಂದಲೇ ಗುರುತು ಹಿಡಿದ. ಸಂಗತಿ ಹೇಳಿದ ಕೂಡಲೇ ಪೆಟ್ಟಿಗೆಯಿಂದ ಎಣ್ಣೆಬಟ್ಟೆಯಲ್ಲಿ ಸುತ್ತಿದ ತಗಡು ತೆಗೆಸಿದ. ಅದರಲ್ಲಿ ಊರು ಎಡಬಲ ತಿರುವಿ ಬಿದ್ದಿರುತ್ತದೆ, ನನಗೆ ತಲೆಬುಡ ತಿಳಿಯಲಿಲ್ಲ. ಅವನು ಹೆಬ್ಬೆರಳಿನ ಉಗುರನ್ನು ಮೆಲ್ಲಗೆ ಎಳೆಯುತ್ತ ಹೋಗಿ ಒಂದು ಕಡೆ ನಿಲ್ಲಿಸಿದ. "ಕಣ್ಣು ಹೋಗ್ಯಾವ, ಉಗುರು ಇನ್ನೂ ಓದತದ. ಇದು ಬಾವಿ. ಇಲ್ಲಿಂದ ಹಿಡಿ, ಇದು ದಾರಿ." ತಗಡು ನನ್ನ ಕೈಗೆ ಕೊಡು ಎಂದರೆ ಕೊಡಲಿಲ್ಲ. "ನಾನೇ ಬರ್ತೀನಿ. ನನ್ನ ಕೆಲಸಕ್ಕ ನಾನೇ ಸಾಕ್ಷಿ" ಎಂದ.

ಮರೆಪ್ಪನ ಅರ್ಜಿಯ ಮೇಲೆ ತಹಶೀಲ್ದಾರರು ನಿನ್ನೆ ಚಾವಡಿಗೆ ಬಂದರು. ಇಮಾಮುದ್ದೀನ್ ಅವರೆದುರು ತಗಡಿಗೆ ಮಸಿ ತಿಕ್ಕಿ, ಅಂಗೈಯಿಂದ ಒರೆಸಿ, ಒದ್ದೆ ಕಾಗದ ಹಾಸಿ, ಚಮಚದ ಬೆನ್ನಿನಿಂದ ಒತ್ತಿದ. ಕಾಗದ ಎತ್ತಿದಾಗ ಮರೆಪ್ಪನ ಓಣಿಯಿಂದ ಬಾವಿಯವರೆಗೆ ದಾರಿ ಸ್ವಚ್ಛವಾಗಿ ಮೂಡಿತ್ತು. ಸಾವಕಾರ ಕಾಗದವನ್ನು ಎರಡು ಸಲ ನೋಡಿ ತಲೆ ತಗ್ಗಿಸಿದ. ಸಂಜೆಯೊಳಗೆ ಮುಳ್ಳು ತೆಗೆಸಿದರು. ಇಂದು ಮುಂಜಾನೆ ಹೆಂಗಸರು ಸಾಲಾಗಿ ಕೊಡ ಹೊತ್ತು ಹೋದರು. ಆದರೆ ತಹಶೀಲ್ದಾರರು ಹೊರಡುವ ಮುಂಚೆ, "ಹಂಗಾದ್ರ ಚಾವಡಿ ನಕ್ಷೆ ಕೆರದವರು ಯಾರು?" ಎಂದು ಕೇಳಿದರು. ಸೋಮವಾರ ಮತ್ತೆ ಬಂದು ವಿಚಾರಣೆ ನಡೆಸುತ್ತಾರಂತೆ. ಅಲ್ಲಿಯವರೆಗೆ ನಿನ್ನ ಮೇಲಿನ ಅಪವಾದ ಪೂರಾ ಹೋದಂತಲ್ಲ.

ನಿನ್ನ ಅವ್ವ ದಿನಾ ನಿನ್ನ ಹೆಸರೆತ್ತುತ್ತಾಳೆ. ಶರಣಬಸಪ್ಪ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಜ್ಜ,
ಅಣವೀರಪ್ಪ

ತಾ.ಕ.: ಟಪಾಲು ಒಯ್ಯುವ ಗಾಡಿ ಬಾಗಿಲಿಗೆ ಬಂದಿದೆ, ಇದೊಂದು ಬರೆದುಬಿಡುತ್ತೇನೆ. ನಕ್ಷೆ ಕೆರೆದವನು ನಾನು. "ನೀವೇ ಅಳದೀರಿ, ನೀವೇ ಅಳಸ್ರಿ. ನೀಲಕಂಠನ ನೌಕರಿ ಕಾಯಂ ಮಾಡಸ್ತೀನಿ" ಎಂದ ಸಾವಕಾರ. ಕೀಲಿ ನಿನ್ನ ಕೋಟಿನ ಕಿಸೆಯಲ್ಲಿತ್ತು. ನಿನ್ನ ಸಲುವಾಗಿ ಮಾಡಿದೆ, ನಿನ್ನ ತಲೆಗೇ ಬಂತು, ಆಗಲೂ ಸುಮ್ಮನೆ ಕೂತೆ. ಇಮಾಮುದ್ದೀನನಿಗೆ ನಿನ್ನೆ ಗಾಡಿ ಹತ್ತಿಸುವಾಗ ಹೇಳಿದೆ. ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡ. ಸೋಮವಾರ ತಹಶೀಲ್ದಾರರ ಮುಂದೆ ನನ್ನ ಹೆಸರು ಹೇಳುತ್ತೇನೆ. ಬೇರೆಯವರ ಬಾಯಿಂದ ನೀನು ಕೇಳಬಾರದೆಂದು ಬರೆದೆ. ಊರಿಗೆ ಬಾ, ಮಗನೇ. ನನ್ನ ಜೊತೆ ಮಾತಾಡದಿದ್ದರೂ ನಡೆದೀತು, ಬಾ.