ನೀಲಿ ತೇಪೆಯ ಟವೆಲು ಮತ್ತು ನಿಮ್ಮ ಮೂವತ್ತೇಳನೆಯ ಆಟ

ವಿಡಿಯೋ ಗೇಮ್ ಪ್ರಕಾಶನ ಸಂಸ್ಥೆಯ ಆಯ್ಕೆ ವಿಭಾಗದ ಮಾನ್ಯ ಮುಖ್ಯಸ್ಥರೇ,

ತಾವು ಬೇಡವೆಂದು ಹಿಂದಿರುಗಿಸಿದ ನನ್ನ ಆಟ, ತಾವೇ ಹೊರತಂದ 'ನೂರು ಆಟಗಳು' ಸಿ.ಡಿ.ಯಲ್ಲಿ ಮೂವತ್ತೇಳನೆಯದಾಗಿ ಕೂತಿದೆ. ಅದು ಅಲ್ಲಿಗೆ ಹೇಗೆ ಹೋಯಿತು? ಮೂರು ಸಲ ಪತ್ರ ಬರೆದು ಕೇಳಿದೆ. ತಾವು ಬಿಡುವಿಲ್ಲದವರು, ಉತ್ತರ ಬರಲಿಲ್ಲ. ಆದ್ದರಿಂದ ಈಗ ಎಲ್ಲರೆದುರು ಕೇಳುತ್ತಿದ್ದೇನೆ.

ನಾನು ಹಿಂದೂಪುರದಲ್ಲಿ ಕಂಪ್ಯೂಟರ್ ಕಲಿಸುವವಳು. ದಿನಾ ಲೇಪಾಕ್ಷಿಯಿಂದ ಬಸ್ಸಿನಲ್ಲಿ ಬರುತ್ತೇನೆ. ನಮ್ಮಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಒಳಕ್ಕೆ ಟವೆಲು ಎಸೆದರೆ ಆ ಸೀಟು ಎಸೆದವರದು. ಎಂಥ ನೂಕುನುಗ್ಗಲಿನಲ್ಲೂ ಅದನ್ನು ಯಾರೂ ಮುಟ್ಟುವುದಿಲ್ಲ, ಕೂರಲು ಹೋದವರೂ ಎದ್ದು ಬಿಟ್ಟುಕೊಡುತ್ತಾರೆ. ಇದನ್ನೇ ಆಟ ಮಾಡಿದೆ. ಕಲ್ಯಾಣದುರ್ಗದಲ್ಲಿ ಬೋರ್ಡು ಬರೆಯುವ ಶಂಕರಯ್ಯನವರು ಚಿತ್ರ ಬಿಡಿಸಿಕೊಟ್ಟರು. ನನ್ನ ಜೊತೆ ಹೂವಿನ ಬುಟ್ಟಿ ಹೊತ್ತು ಬರುವ ಗೌರಕ್ಕನ ಹಸಿರು ಟವೆಲನ್ನು, ಮೂಲೆಯ ನೀಲಿ ತೇಪೆಯ ಸಮೇತ, ಹಾಗೆಯೇ ಇಳಿಸಿದರು. ಎರಡು ವರ್ಷದ ಕೆಲಸ, ಇಪ್ಪತ್ತು ಹಂತ.

ತಮ್ಮ ತಿರಸ್ಕಾರ ಪತ್ರ ನನಗೆ ಬಾಯಿಪಾಠ: "ದೊಡ್ಡ ಆಟವಾದರೆ ಡಬ್ಬಿಯಲ್ಲಿಟ್ಟು ಮಾರುತ್ತೇವೆ, ಚಿಕ್ಕದಾದರೆ ನೂರರಲ್ಲೊಂದು ಮಾಡುತ್ತೇವೆ. ನಿಮ್ಮದು ನಡುವಿನದು. ಅದಕ್ಕೆ ಅಂಗಡಿಯಲ್ಲಿ ಜಾಗವಿಲ್ಲ." ಎಂಥ ಮಾತು ಸ್ವಾಮಿ! ಮಹಾಗ್ರಂಥಕ್ಕೂ ಕರಪತ್ರಕ್ಕೂ ನಡುವೆ ಏನೂ ಅಚ್ಚಾಗಬಾರದೆ? ಸಾಧಾರಣ ಖರ್ಚಿನಲ್ಲಿ ಇಬ್ಬರು ಮನಸ್ಸಿಟ್ಟು ಮಾಡಿದ ಆಟಕ್ಕೆ ಜಾಗವಿಲ್ಲವೋ, ಅಥವಾ ಮಾಡಿದವರ ಹೆಸರಿಗೆ ಜಾಗವಿಲ್ಲವೋ? ನನಗೆ ಎರಡನೆಯದರ ಮೇಲೇ ಅನುಮಾನ. ಇಪ್ಪತ್ತು ಹಂತವನ್ನು ನಾಲ್ಕಕ್ಕೆ ಕತ್ತರಿಸಿದರೆ ಅದು ಚಿಕ್ಕ ಆಟ. ಚಿಕ್ಕ ಆಟಕ್ಕೆ ಯಾರ ಹೆಸರೂ ಹಾಕಬೇಕಿಲ್ಲ. ಎಷ್ಟು ಅನುಕೂಲ!

ಆರು ತಿಂಗಳ ಹಿಂದೆ ಕೊಡಿಕೊಂಡದ ಅಂಗಡಿಯೊಂದರಲ್ಲಿ ಆ ಸಿ.ಡಿ. ಸಿಕ್ಕಿತು. ಕಂಪ್ಯೂಟರಿಗೆ ಹಾಕಿ ನೋಡಿದರೆ ಮೂವತ್ತೇಳನೆಯದು ನಮ್ಮದೇ ಆಟ, ನಾಲ್ಕೇ ಹಂತ. ನಮ್ಮ ಬಸ್ಸಿಗೆ ಎರಡು ಮಹಡಿ ಬಂದಿತ್ತು. ಜನರಿಗೆ ಕೋಟು, ಹ್ಯಾಟು. ಆದರೆ ಕಿಟಕಿಯಿಂದ ಟವೆಲು ಬಿದ್ದೊಡನೆ ಆ ಕೋಟಿನ ದೊರೆಗಳೆಲ್ಲ ಸೀಟು ಬಿಟ್ಟು ಎದ್ದು ನಿಂತರು! ಇದು ಯಾವ ದೇಶದ ರೂಢಿ, ಮಾನ್ಯರೇ? ಅವರ ಬಟ್ಟೆ ಬದಲಿಸಿದ ತಮ್ಮ ಸಿಬ್ಬಂದಿಗೆ, ಅವರು ಯಾಕೆ ನಿಂತರೆಂಬುದೇ ತಿಳಿದಿರಲಿಲ್ಲ ಅನ್ನಿಸುತ್ತದೆ.

ಗೌರಕ್ಕನನ್ನು ಕರೆದು ತೋರಿಸಿದೆ. ಪರದೆಯ ಹತ್ತಿರ ಬಗ್ಗಿ ನೋಡಿದಳು.

"ಇದು ನನ್ ಟವಲ್ ಕಣಮ್ಮ! ಈ ತ್ಯಾಪೆ ಹಾಕ್ದೋಳು ನಾನೇ ಅಲ್ವಾ? ಅವ್ರ ಕೈಗೆ ಎಟ್ಲಾ ಸಿಕ್ತು?"

"ನಾನೇ ಕಳ್ಸಿದ್ದೆ ಗೌರಕ್ಕ, ನೋಡ್ಲಿ ಅಂತ."

"ನೋಡಾಕೆ ಕೊಟ್ಟಿದ್ನ ಇಟ್ಕೊಂಡ್ಬುಟ್ರಾ? ನಿನ್ ಹೆಸ್ರು ಎಲ್ಲೈತೆ, ತೋರ್ಸು."

ತೋರಿಸಲು ಎಲ್ಲೂ ಇರಲಿಲ್ಲ. ಅವಳೆದುರು ನನಗೆ ಅಳು ಬಂತು. ಸಿಟ್ಟು ಬಂದದ್ದು ಆಮೇಲೆ.

ನಾನು ಪರಿಹಾರ ಕೇಳುತ್ತಿಲ್ಲ. ಇಪ್ಪತ್ತೂ ಹಂತಗಳಿರುವ ಆಟವನ್ನು ಅದರದೇ ಡಬ್ಬಿಯಲ್ಲಿ, ಶಂಕರಯ್ಯನವರ ಮತ್ತು ನನ್ನ ಹೆಸರು ಹಾಕಿ ಹೊರತನ್ನಿ. ಅದಾಗದಿದ್ದರೆ ಮೂವತ್ತೇಳನೆಯ ಜಾಗವನ್ನು ಖಾಲಿ ಬಿಡಿ. ಟವೆಲು ಬಿದ್ದ ಸೀಟನ್ನು ಬಿಟ್ಟು ಏಳುವುದು ಹೇಗೆಂದು ತಮ್ಮ ಕೋಟಿನ ದೊರೆಗಳನ್ನೇ ನೋಡಿ ಕಲಿಯಬಹುದು.

ಇಂತಿ,
ಟವೆಲು ಹಾಕಿಯೂ ನಿಂತೇ ಇರುವ
ಮಂಗಳಗೌರಿ
ಲೇಪಾಕ್ಷಿ, ೧೯೯೮